ನಿಂತು ದುಡಿಯುವವರ ಹೃದಯ

ಬೆವರು ಸುರಿಸಿ ದುಡಿಯುವವನಿಗೆ ಎದೆಯ ಬೇನೆ ಬಾರದು, ಅದೇನಿದ್ದರೂ ಗಲ್ಲೆಯ ಹಿಂದೆ ಕುಳಿತು ನೋಟು ಎಣಿಸುವ ಧಣಿಗಳ ರೋಗ ಎಂಬ ಮಾತು ನಮ್ಮ ಹೋಟೆಲು ಬಂಧುಗಳಲ್ಲಿಯೂ ಗಿರಣಿಯ ಹಿರಿಯರಲ್ಲಿಯೂ ಬಹುಕಾಲದಿಂದ ಬಳಕೆಯಲ್ಲಿದೆ. ಕೇಳಲು ಹಿತವಾದ ಮಾತು. ದೇವರು ಬಡವನಿಗೂ ಒಂದು ಅನುಕೂಲ ಮಾಡಿಕೊಟ್ಟಿದ್ದಾನಲ್ಲಾ ಎಂಬ ಸಮಾಧಾನ ಅದರಲ್ಲಿದೆ. ಆದರೆ ಆ ಮಾತು ಸುಳ್ಳು. ಅಪಾಯಕರವಾದ ಸುಳ್ಳು ಎಂದೇ ಹೇಳಬೇಕು. ಏಕೆಂದರೆ ಅದನ್ನು ನಂಬಿದವನು ನಲವತ್ತು ದಾಟಿದರೂ ಒಮ್ಮೆಯೂ ರಕ್ತದೊತ್ತಡ ನೋಡಿಸಿಕೊಳ್ಳುವುದಿಲ್ಲ. ಎದೆ ಹಿಂಡಿದರೆ 'ಗ್ಯಾಸು' ಎಂದು ಒಂದು ಸೋಡಾ ಕುಡಿದು ಮಲಗುತ್ತಾನೆ. ಬೆಳಗಿನ ಇಡ್ಲಿಗೆ ಒಲೆ ಹಚ್ಚಲು ಅವನನ್ನು ಎಬ್ಬಿಸಹೋದ ಹುಡುಗನಿಗೆ ತಣ್ಣಗಾದ ಕೈ ಸಿಗುತ್ತದೆ. ಆಮೇಲೆ ಹೆಣವನ್ನು ಊರಿಗೆ ಸಾಗಿಸಲು ಚಂದಾ ಎತ್ತುವ ಕೆಲಸ. ಈ ಕೆಲಸದಲ್ಲಿ ನಮ್ಮ ಸಂಘಗಳು ಚೆನ್ನಾಗಿ ಪಳಗಿವೆ. ಬದುಕಿರುವಾಗಲೇ ಅವನ ತೋಳಿಗೆ ಪಟ್ಟಿ ಸುತ್ತಿ ಒತ್ತಡ ನೋಡುವ ಕೆಲಸವನ್ನು ಮಾತ್ರ ನಾವು ಇನ್ನೂ ಕಲಿಯಬೇಕಾಗಿದೆ.

ದುಡಿಮೆಯೇ ಮದ್ದು ಎಂಬ ನಂಬಿಕೆಗೆ ಬುಡವೇ ಇಲ್ಲವೆಂದಲ್ಲ. 1953ರಲ್ಲಿ ಜೆರ್ರಿ ಮಾರಿಸ್ ಎಂಬ ಡಾಕ್ಟರೂ ಅವರ ಜೊತೆಗಾರರೂ ಲಂಡನ್ನಿನ ಸಾರಿಗೆ ನೌಕರರ ಲೆಕ್ಕ ತೆಗೆದು 'ಲ್ಯಾನ್ಸೆಟ್' ಎಂಬ ವೈದ್ಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. 35ರಿಂದ 64 ವರ್ಷದೊಳಗಿನ ಸುಮಾರು 31 ಸಾವಿರ ಗಂಡಸರ ಲೆಕ್ಕ ಅದು. ಎರಡಂತಸ್ತಿನ ಬಸ್ಸಿನಲ್ಲಿ ದಿನವೆಲ್ಲ ಕುಳಿತೇ ಇರುವ ಡ್ರೈವರನಿಗಿಂತ, ಮೇಲೆ ಕೆಳಗೆ ಮೆಟ್ಟಿಲು ಹತ್ತಿಳಿದು ಟಿಕೇಟು ಕೊಡುವ ಕಂಡಕ್ಟರನಿಗೆ ಹೃದಯರೋಗ ಕಡಮೆ, ಬಂದರೂ ತಡವಾಗಿ ಬರುತ್ತದೆ, ಬಂದಾಗ ಪ್ರಾಣ ತೆಗೆಯುವುದೂ ಕಡಮೆ ಎಂದು ಕಂಡುಬಂತು. ಮೈಯಾಡಿಸುವುದಕ್ಕೂ ಹೃದಯಕ್ಕೂ ಇರುವ ನಂಟನ್ನು ಅಂಕಿಗಳಿಂದ ತೋರಿಸಿದ ಮೊದಮೊದಲ ಕೆಲಸಗಳಲ್ಲಿ ಇದೊಂದು. ಬೆಸ್ಟಿನ ಹಳೆಯ ಕೆಂಪು ಎರಡಂತಸ್ತಿನ ಬಸ್ಸುಗಳು 2023ರಲ್ಲಿ ನಿವೃತ್ತವಾದವು. ಅವುಗಳಲ್ಲಿ ಓಡಾಡಿದ ನಮ್ಮವರಿಗೆ ಆ ಮೆಟ್ಟಿಲೂ ಆ ಕಂಡಕ್ಟರನೂ ಕಣ್ಣಿಗೆ ಕಟ್ಟುವಂತಿದ್ದಾರೆ.

ಮೂರು ವರ್ಷದ ಮೇಲೆ ಇದೇ ಡಾಕ್ಟರು ಇನ್ನೊಂದು ಸಂಗತಿ ಹೊರತಂದರು. ಕಂಪೆನಿ ಹೊಲಿಸಿಕೊಟ್ಟ ಸಮವಸ್ತ್ರಗಳ ಅಳತೆ ನೋಡಿದರೆ ಡ್ರೈವರರ ಷರಾಯಿಯ ಸೊಂಟ ಕಂಡಕ್ಟರರದಕ್ಕಿಂತ ದೊಡ್ಡದಿತ್ತು. ಕೆಲಸಕ್ಕೆ ಸೇರಿದ ಎಳೆಯ ವಯಸ್ಸಿನಲ್ಲಿಯೇ ಹಾಗಿತ್ತು. ಎಲ್ಲವೂ ಮೆಟ್ಟಿಲಿನ ಮಹಿಮೆ ಎಂದು ಸುಮ್ಮನಾಗದೆ ತನ್ನ ಲೆಕ್ಕವನ್ನು ತಾನೇ ದರ್ಜಿಯ ಟೇಪಿನಿಂದ ಅಳೆದುನೋಡಿದ ಆ ಡಾಕ್ಟರನ್ನು ಮೆಚ್ಚಬೇಕು. ಟೇಪಿನ ಮಾತು ನಮಗೂ ಬೇಕಾದದ್ದೇ. ನಮ್ಮ ದೇಶದ ಗಂಡಸಿನ ಸೊಂಟ 90 ಸೆಂಟಿಮೀಟರು, ಹೆಂಗಸಿನದು 80 ಸೆಂಟಿಮೀಟರು ದಾಟಿತೆಂದರೆ ಎಚ್ಚರವಾಗಬೇಕು ಎಂದು ಡಾಕ್ಟರರು ಹೇಳುತ್ತಾರೆ. ಕೈಕಾಲು ಕಡ್ಡಿಯಂತಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ನಮ್ಮಲ್ಲಿ ಬಹಳ. ಅವರು ತಾವು ಸಪುರವಾಗಿದ್ದೇವೆಂದೇ ತಿಳಿದಿರುತ್ತಾರೆ.

ಕಂಡಕ್ಟರನು ಮೆಟ್ಟಿಲು ಹತ್ತಿದ. ನಾವು ಏನು ಮಾಡುತ್ತೇವೆ? ದೋಸೆಯ ಭಟ್ಟರು ಕಾವಲಿಯ ಮುಂದೆ ಒಂದು ಮೊಳ ಜಾಗದಲ್ಲಿ ಪಾಳಿ ಮುಗಿಯುವವರೆಗೆ ನಿಲ್ಲುತ್ತಾರೆ. ತಾಟು ತೊಳೆಯುವ ಹುಡುಗ ಮೋರಿಯ ಮುಂದೆ ಒದ್ದೆ ಕಾಲಿನಲ್ಲಿ ನಿಲ್ಲುತ್ತಾನೆ. ಸಪ್ಲಾಯರನು ನಡೆಯುತ್ತಾನೆ, ಹೌದು. ಆದರೆ ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತಾನೆ, ಮತ್ತೆ ನಾಲ್ಕು ಹೆಜ್ಜೆ. ಪವರ್‌ಲೂಮಿನಲ್ಲಿ ದುಡಿಯುವವನು ಮಗ್ಗದಿಂದ ಮಗ್ಗಕ್ಕೆ ಸರಿದು ಹರಿದ ನೂಲು ಕಟ್ಟುತ್ತಾ ನಿಂತೇ ಇರುತ್ತಾನೆ. ಇದು ಶ್ರಮ, ವ್ಯಾಯಾಮವಲ್ಲ. ಇವೆರಡೂ ಒಂದೇ ಎಂದು ತಿಳಿದದ್ದರಿಂದಲೇ ನಾವು ಕೆಟ್ಟೆವು.

ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ 7 ಸಾವಿರಕ್ಕೂ ಮೀರಿದ ಕೆಲಸಗಾರರನ್ನು 12 ವರ್ಷಗಳ ಕಾಲ ಹಿಂಬಾಲಿಸಿ ನೋಡಿದ ವರದಿ 2017ರಲ್ಲಿ ಪ್ರಕಟವಾಯಿತು. ಹೆಚ್ಚಾಗಿ ನಿಂತು ಕೆಲಸ ಮಾಡುವವರಿಗೆ, ಹೆಚ್ಚಾಗಿ ಕುಳಿತು ಕೆಲಸ ಮಾಡುವವರಿಗಿಂತ ಹೃದಯರೋಗದ ಸಂಭವ ಸುಮಾರು ಎರಡು ಪಟ್ಟು ಎಂದು ಅದರಲ್ಲಿದೆ. ಮರುವರ್ಷ, ಹಲವು ದೇಶಗಳ ಲೆಕ್ಕಗಳನ್ನು ಕೂಡಿಸಿ ನೋಡಿದ ಇನ್ನೊಂದು ವರದಿ ಬಂತು. ಭಾರೀ ಮೈಕೆಲಸದ ಗಂಡಸರು ಹಗುರ ಕೆಲಸದವರಿಗಿಂತ ಬೇಗ ಸಾಯುವ ಸಂಭವ ನೂರಕ್ಕೆ 18ರಷ್ಟು ಹೆಚ್ಚು ಎಂದಿತು. ಇದರಲ್ಲಿ ಬಡತನದ ಪಾಲೂ ಇದ್ದೀತು. ಎಲ್ಲ ಸಂಶೋಧಕರೂ ಒಂದೇ ದನಿಯಲ್ಲಿ ಮಾತಾಡುವುದೂ ಇಲ್ಲ. ಆದರೆ 'ದುಡಿಯುವವನಿಗೆ ಬಾರದು' ಎಂಬ ಮಾತು ಮಾತ್ರ ಇನ್ನು ನಿಲ್ಲಲಾರದು.

ಕಾರಣವನ್ನು ತಿಳಿಯಬೇಕಾದರೆ ಹೃದಯದ ಕೆಲಸವನ್ನು ಸ್ವಲ್ಪ ನೋಡಬೇಕು. ಅದೊಂದು ಪಂಪು. ನಿಮಿಷಕ್ಕೆ ಎಪ್ಪತ್ತು ಚಿಲ್ಲರೆ ಸಲ ಬಡಿದು ಸುಮಾರು 5 ಲೀಟರು ರಕ್ತವನ್ನು ನೂಕುತ್ತದೆ. ದಿನಕ್ಕೆ ಲೆಕ್ಕ ಹಾಕಿದರೆ 7 ಸಾವಿರ ಲೀಟರು. ನಮ್ಮ ಹೋಟೆಲಿನ ಮಾಳಿಗೆಯ ಮೇಲಿರುವ ಸಾವಿರ ಲೀಟರಿನ ಕಪ್ಪು ಟಾಂಕಿಗಳು ಏಳು ತುಂಬುವಷ್ಟಾಯಿತು. ಮೇಲಿಂದ ಕೆಳಗೆ ರಕ್ತ ಇಳಿಯುವುದು ಸುಲಭ, ಕಾಲಿನಿಂದ ಮೇಲಕ್ಕೆ ಏರುವುದು ಕಷ್ಟ. ಅದಕ್ಕೆ ಮೀನಖಂಡವೇ ಎರಡನೆಯ ಪಂಪು. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ಕಳುಹಿಸುತ್ತದೆ. ಹಿಂದಿರುಗದಂತೆ ನಾಳದೊಳಗೆ ಸಣ್ಣ ಕವಾಟಗಳಿವೆ. ಅಲುಗಾಡದೆ ನಿಂತವನಲ್ಲಿ ಈ ಎರಡನೆಯ ಪಂಪು ಬಂದ್. ರಕ್ತ ಕಾಲಿನಲ್ಲಿಯೇ ತಂಗುತ್ತದೆ, ಸಂಜೆಗೆ ಪಾದ ಬಾತುಕೊಳ್ಳುತ್ತದೆ. ವರ್ಷಗಳು ಕಳೆದಂತೆ ಕವಾಟಗಳು ಸೋತು ನೀಲಿ ನರಗಳು ಹಗ್ಗದಂತೆ ಗಂಟುಗಟ್ಟುತ್ತವೆ. ಹಳೆಯ ಭಟ್ಟರ ಕಾಲುಗಳನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೇಲಿನ ಪಂಪಾದರೋ ಕಡಮೆ ಬಂದ ರಕ್ತವನ್ನೇ ಹೆಚ್ಚು ಸಲ ಬಡಿದು ಸಾಗಿಸಬೇಕು. ಅದರ ಮೇಲೆ ಒಲೆಯ ಕಾವು, ಸಾಂಬಾರಿನ ಡಬರಿ ಎತ್ತುವಾಗ ಏರುವ ಒತ್ತಡ, ಗಿರಾಕಿಯ ಗದರಿಕೆ. ಬಿರುಸಾಗಿ ನಡೆಯುವವನ ಹೃದಯ ಅರ್ಧ ಗಂಟೆ ಜೋರಾಗಿ ಬಡಿದು ಆಮೇಲೆ ವಿಶ್ರಮಿಸುತ್ತದೆ, ಆ ವಿಶ್ರಾಂತಿಯಲ್ಲಿ ಬಲಗೊಳ್ಳುತ್ತದೆ. ನಮ್ಮ ಹೃದಯ ಹನ್ನೆರಡು ಗಂಟೆ ಹೊತ್ತು ಬೆಚ್ಚಗಿರುತ್ತದೆ. ಬಲವಾಗುವಷ್ಟು ಜೋರೂ ಇಲ್ಲ, ಸುಧಾರಿಸಿಕೊಳ್ಳುವಷ್ಟು ಬಿಡುವೂ ಇಲ್ಲ.

ಹಾಗಾದರೆ ಹಗಲೆಲ್ಲ ಕಾಲಮೇಲೆ ಇದ್ದವನು ಮತ್ತೆ ನಡೆಯಬೇಕೆ ಎಂದು ಕೇಳಿದರೆ ಆ ಸಿಟ್ಟು ನ್ಯಾಯವಾದದ್ದೇ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾದ ನಡಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ನಮ್ಮವರು ಮೊದಲು ಕೂರಲಿ, ಆಮೇಲೆ ನಡೆಯಲಿ. ಮಧ್ಯಾಹ್ನದ ಬಿಡುವಿನಲ್ಲಿ ಕಾಲನ್ನು ದಿಂಬಿನ ಮೇಲೆತ್ತಿ ಅರ್ಧ ಗಂಟೆ ಮಲಗುವುದು ಸೋಮಾರಿತನವಲ್ಲ. ಅದಾದ ಮೇಲೆ ಮಾಟುಂಗದವರಿಗೆ ಫೈವ್ ಗಾರ್ಡನ್ಸ್ ಇದೆ, ದಾದರದವರಿಗೆ ಶಿವಾಜಿ ಪಾರ್ಕಿದೆ. ಮಾತಾಡಲು ಬರಬೇಕು, ಹಾಡಲು ಬರಬಾರದು, ನಡಿಗೆ ಅಷ್ಟು ಬಿರುಸಾಗಿರಬೇಕು. ನಿಂತಲ್ಲಿಯೇ ಕೆಲಸ ಇರುವವರು ಆಗಾಗ ಹಿಮ್ಮಡಿ ಎತ್ತಿ ಇಳಿಸಿದರೂ ಎರಡನೆಯ ಪಂಪು ಓಡುತ್ತದೆ. ಇದಕ್ಕೆ ಧಣಿಗಳ ಅಪ್ಪಣೆ ಬೇಕಿಲ್ಲ.

ಇನ್ನು ರಕ್ತದೊತ್ತಡ. ಇದನ್ನು ಕುರಿತು ತುಸು ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ನಮ್ಮವರನ್ನು ಹೆಚ್ಚಾಗಿ ಮೋಸಗೊಳಿಸುವುದು ಇದೇ. ನೀರಿನ ಕೊಳವೆಯಲ್ಲಿ ಒತ್ತಡ ಹೆಚ್ಚಾದರೆ ಜೋಡಣೆಗಳು ಸೋರುತ್ತವೆ, ಒಂದು ದಿನ ಕೊಳವೆ ಒಡೆಯುತ್ತದೆ. ಮೈಯೊಳಗೂ ಹಾಗೆಯೇ. ಒತ್ತಡ ಹೆಚ್ಚಾಗಿ ಮೆದುಳಿನ ನಾಳ ಒಡೆದರೆ ಅಥವಾ ಕಟ್ಟಿಕೊಂಡರೆ ಲಕ್ವಾ. ಹೃದಯದ ನಾಳ ಕಟ್ಟಿಕೊಂಡರೆ ಹೃದಯಾಘಾತ. ಮೂತ್ರಪಿಂಡ ಸೋತರೆ ವಾರವಾರವೂ ಡಯಾಲಿಸಿಸ್. ಕೊಳವೆ ಸೋರಿದರೆ ಕಾಣುತ್ತದೆ, ಇದು ಕಾಣುವುದಿಲ್ಲ. ಒತ್ತಡ ಹೆಚ್ಚಿರುವವರಲ್ಲಿ ಬಹುಪಾಲು ಜನರಿಗೆ ತಲೆನೋವೂ ಇಲ್ಲ, ತಲೆಸುತ್ತೂ ಇಲ್ಲ. 'ನನಗೇನೂ ಆಗಿಲ್ಲ' ಎಂಬುದು ಇಲ್ಲಿ ಸಾಕ್ಷಿಯೇ ಅಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15 ವರ್ಷ ದಾಟಿದ ಗಂಡಸರಲ್ಲಿ ನೂರಕ್ಕೆ 24 ಮಂದಿಗೆ ಹೆಚ್ಚಿನ ರಕ್ತದೊತ್ತಡ, ಹೆಂಗಸರಲ್ಲಿ 21 ಮಂದಿಗೆ. ಎಂಟು ಜನ ಕೆಲಸಗಾರರಿರುವ ಹೋಟೆಲಿನಲ್ಲಿ ಇಬ್ಬರು ಎಂದಾಯಿತು. ಯಾವ ಇಬ್ಬರು ಎಂಬುದು ಯಂತ್ರ ಕಟ್ಟಿ ನೋಡುವವರೆಗೆ ಆ ಇಬ್ಬರಿಗೂ ಗೊತ್ತಿರುವುದಿಲ್ಲ. ಮೇಲಿನ ಅಂಕಿ 140, ಕೆಳಗಿನದು 90, ಇವುಗಳಲ್ಲಿ ಯಾವುದಾದರೊಂದು ಬೇರೆ ಬೇರೆ ದಿನಗಳಲ್ಲಿ ನೋಡಿದಾಗಲೂ ಮೀರಿದ್ದರೆ ಡಾಕ್ಟರರಲ್ಲಿಗೆ ಹೋಗಲೇಬೇಕು.

ಗುಳಿಗೆ ಎಂದರೆ ನಮ್ಮವರಿಗೆ ಭಯ. ಒಮ್ಮೆ ಹಿಡಿದರೆ ಸಾಯುವವರೆಗೆ ಬಿಡಬಾರದಂತೆ ಎಂದು ಹಿಡಿಯುವುದೇ ಇಲ್ಲ. ಇಂಥವರೇ ಬೀಡಿಯನ್ನು ಸಾಯುವವರೆಗೆ ಬಿಡುವುದಿಲ್ಲ! ಜನೌಷಧಿ ಕೇಂದ್ರದಲ್ಲಿ ರಕ್ತದೊತ್ತಡದ ಸಾಧಾರಣ ಗುಳಿಗೆಗೆ ದಿನಕ್ಕೆ ಒಂದು ಕಟಿಂಗ್ ಚಹಾದ ಬೆಲೆಯೂ ಬೀಳುವುದಿಲ್ಲ. ಇ.ಎಸ್.ಐ. ಚೀಟಿಯಿದ್ದವರಿಗೆ ಅದೂ ಇಲ್ಲ. ಇನ್ನೊಂದು ತಪ್ಪು ನಮ್ಮ ಜನರಿಗೇ ವಿಶೇಷವಾದದ್ದು. ಮಳೆಗಾಲಕ್ಕೋ ತೇರಿಗೋ ಊರಿಗೆ ಹೋಗುವಾಗ ಹದಿನೈದು ದಿನದ ಗುಳಿಗೆ ಕಟ್ಟಿಕೊಂಡು ಎರಡು ತಿಂಗಳು ನಿಲ್ಲುತ್ತಾರೆ. ಗುಳಿಗೆ ಮುಗಿಯುತ್ತದೆ, ಮೈ ಹಗುರವಾಗಿಯೇ ಇರುತ್ತದೆ, ವಾಸಿಯಾಯಿತೆಂದು ತಿಳಿಯುತ್ತಾರೆ. ಒತ್ತಡ ಮಾತ್ರ ಸದ್ದಿಲ್ಲದೆ ಮೇಲೇರುತ್ತದೆ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಇವೇ ಗುಳಿಗೆ ಸಿಗುತ್ತವೆ. ಹಳೆಯ ಚೀಟಿಯನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಬೇಕು, ಅಷ್ಟೇ.

ಒತ್ತಡಕ್ಕೆ ಉಪ್ಪು ದೊಡ್ಡ ಕಾರಣ. ದಿನಕ್ಕೆ 5 ಗ್ರಾಮಿಗಿಂತ ಕಡಮೆ, ಎಂದರೆ ಚಹಾ ಚಮಚೆಯಲ್ಲಿ ಸಮ ಮಟ್ಟದ ಒಂದೇ ಚಮಚೆ, ಎಲ್ಲ ಅಡಿಗೆಯೂ ಸೇರಿ ಇಷ್ಟೇ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ನಮ್ಮ ದೇಶದವರು ಸರಾಸರಿಯಲ್ಲಿ ಇದರ ಒಂದೂವರೆ ಪಟ್ಟಿಗೂ ಮೇಲೆ ತಿನ್ನುತ್ತಾರೆ. ಹೋಟೆಲಿನ ಅಡಿಗೆ ಗಿರಾಕಿಯ ನಾಲಗೆಗಾಗಿ ಮಾಡಿದ್ದು, ಕೆಲಸಗಾರನ ಹೃದಯಕ್ಕಾಗಿ ಅಲ್ಲ. ಸಾಂಬಾರು, ಚಟ್ನಿ, ಮೇಲೆ ಉಪ್ಪಿನಕಾಯಿ, ಹಪ್ಪಳ. ಕರಾವಳಿಯವರಿಗೆ ಗಂಜಿಯ ಬದಿಗೆ ಒಣಮೀನು, ಬಡಗಣ ಕನ್ನಡಿಗರಿಗೆ ರೊಟ್ಟಿಯ ಮೇಲೆ ಚಟ್ನಿಪುಡಿ. ಇವನ್ನೆಲ್ಲ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಕುಚ್ಚಲಕ್ಕಿಯ ಗಂಜಿ, ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಬೂತಾಯಿಯ ಸಾರು, ಇವೆಲ್ಲ ಹೃದಯಕ್ಕೆ ಒಳ್ಳೆಯ ಆಹಾರವೇ. ಇವುಗಳಿಗೆ ನಾಚಿ ಪಾವು, ಬಟಾಟೆವಡೆಗಳ ಬೆನ್ನು ಹತ್ತಬೇಕಾಗಿಲ್ಲ. ಊಟಕ್ಕೆ ಕೂತ ಮೇಲೆ ಅನ್ನಕ್ಕೆ ಮತ್ತೆ ಉಪ್ಪು ಹಾಕಿಕೊಳ್ಳುವುದನ್ನು ನಿಲ್ಲಿಸಿ, ಉಪ್ಪಿನಕಾಯಿಯನ್ನು ಹೋಳಿನ ಬದಲು ಚೂರಿಗೆ ಇಳಿಸಿದರೆ ಸಾಕು, ಮೂರು ನಾಲ್ಕು ವಾರದಲ್ಲಿ ನಾಲಗೆ ಹೊಂದಿಕೊಳ್ಳುತ್ತದೆ. ಬೆವರುವವನಿಗೆ ಹೆಚ್ಚು ಉಪ್ಪು ಬೇಕು ಎನ್ನುವ ಭಟ್ಟರಿದ್ದಾರೆ. ನಾವು ತಿನ್ನುತ್ತಿರುವ ಊಟದಲ್ಲಿ ಅದಕ್ಕೆ ಬೇಕಾದದ್ದೂ ಮಿಕ್ಕದ್ದೂ ಇದೆ. ಒಲೆಯ ಮುಂದೆ ಇರುವವನಿಗೆ ಬೇಕಾದದ್ದು ನೀರು.

ಎಣ್ಣೆಯದು ಬೇರೆ ಕತೆ. ಮತ್ತೆ ಮತ್ತೆ ಕಾದು ಕಪ್ಪಾದ ಬಾಣಲೆಯ ಎಣ್ಣೆಯಲ್ಲಿ ಕರಿದ, ರಾತ್ರಿಗೆ ಉಳಿದ ವಡೆ ಬೋಂಡಾಗಳು ಕೆಲಸಗಾರರ ಪಾಲಿಗೆ ಬರುವ ರೂಢಿ ಅನೇಕ ಕಡೆ ಇದೆ. ವನಸ್ಪತಿಯಂಥ ಗಟ್ಟಿ ಎಣ್ಣೆಗಳಲ್ಲಿರುವ ಟ್ರಾನ್ಸ್ ಕೊಬ್ಬು ನೂರಕ್ಕೆ 2ನ್ನು ಮೀರಬಾರದೆಂದು 2022ರಿಂದ ಕಾನೂನಿದೆ. ಎಣ್ಣೆ ಕೆಡುವ ಮಿತಿಯನ್ನೂ ಸರಕಾರ ಗೊತ್ತುಮಾಡಿದೆ. ಕಾನೂನು ಬಾಣಲೆಯವರೆಗೆ ನಡೆದು ಬರುವುದಿಲ್ಲ. ಬಾಣಲೆಯ ಮುಂದೆ ನಿಂತವನೇ ನೋಡಿಕೊಳ್ಳಬೇಕು. ಚಹಾದ ವಿಷಯ ಒಂದೇ ಮಾತು: ಹತ್ತು ಕಟಿಂಗ್ ಎಂದರೆ ಹತ್ತು ಚಮಚೆ ಸಕ್ಕರೆ.

ಹೊಗೆಸೊಪ್ಪನ್ನು ಹೀಗೆ ಹಗುರವಾಗಿ ದಾಟಲಾಗದು. ಹತ್ತಿಯ ಗಿರಣಿಯೊಳಗೆ ಬೆಂಕಿಯ ಭಯದಿಂದ ಬೀಡಿ ಹಚ್ಚುವಂತಿರಲಿಲ್ಲ, ಆದ್ದರಿಂದ ಸುಣ್ಣ ತಿಕ್ಕಿದ ತಂಬಾಕು ದವಡೆಗೆ ಹೋಯಿತು. ಹೋಟೆಲಿನಲ್ಲಿ ಗಿರಾಕಿಯ ಮುಂದೆ ಸೇದುವಂತಿಲ್ಲ, ಆದ್ದರಿಂದ ಪುಡಿಕೆ. ಮಹಾರಾಷ್ಟ್ರದಲ್ಲಿ 2012ರಿಂದ ಗುಟ್ಕಾ ಮಾರಾಟಕ್ಕೆ ನಿಷೇಧವಿದೆಯಾದರೂ ಬೇಕಾದವನಿಗೆ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅಗಿಯುವುದರಿಂದ ಬಾಯಿ ಕೆಟ್ಟೀತು, ಹೃದಯಕ್ಕೇನು ಎಂದು ವಾದಿಸುವವರಿದ್ದಾರೆ. 52 ದೇಶಗಳ ರೋಗಿಗಳನ್ನು ನೋಡಿ 2006ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಬೀಡಿ ಸೇದುವವರಿಗೆ ಹೃದಯಾಘಾತದ ಸಂಭವ ತಂಬಾಕನ್ನೇ ಮುಟ್ಟದವರಿಗಿಂತ ಸುಮಾರು ಮೂರು ಪಟ್ಟು, ಅಗಿಯುವವರಿಗೆ ಎರಡು ಪಟ್ಟಿಗೂ ಮೇಲೆ ಎಂದು ಕಂಡಿದೆ. ಸಮಾಧಾನದ ಸಂಗತಿಯೊಂದಿದೆ: ಬಿಟ್ಟವನಿಗೆ ಒಂದು ವರ್ಷದಲ್ಲಿ ಆ ಹೆಚ್ಚಿನ ಅಪಾಯ ಅರ್ಧಕ್ಕೆ ಇಳಿಯುತ್ತದೆ. ಇಪ್ಪತ್ತು ವರ್ಷ ಸೇದಿದೆ, ಇನ್ನು ಬಿಟ್ಟರೇನು ಬಿಡದಿದ್ದರೇನು ಎನ್ನುವುದಕ್ಕೆ ಇದಕ್ಕಿಂತ ಉತ್ತರ ಬೇಡ.

ಇಷ್ಟು ಓದಿದ ಮಾಲಕರು, 'ನೋಡಿ, ಎಲ್ಲವೂ ಕೆಲಸಗಾರರ ಕೈಯಲ್ಲಿಯೇ ಇದೆ' ಎಂದು ಪತ್ರಿಕೆ ಮಡಚಿಡಬಾರದು. ಅವರ ಕೈಯಲ್ಲಿರುವುದು ಇನ್ನು ಮುಂದೆ ಬರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಕೂಡಿ 2021ರಲ್ಲಿ ಒಂದು ಲೆಕ್ಕ ಕೊಟ್ಟವು. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಲಕ್ವಾದ ಸಂಭವ ನೂರಕ್ಕೆ 35ರಷ್ಟು, ಹೃದಯದ ನಾಳದ ರೋಗದಿಂದ ಸಾಯುವ ಸಂಭವ 17ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ಇಂಥ ದುಡಿಮೆಯಿಂದ ಲೋಕದಲ್ಲಿ ಸತ್ತವರು 7 ಲಕ್ಷ 45 ಸಾವಿರ. ನಮ್ಮ ಹೋಟೆಲು ಕೆಲಸಗಾರನ ಲೆಕ್ಕವನ್ನು ದಿನಕ್ಕೆ 12 ಗಂಟೆ, ವಾರಕ್ಕೆ 6 ದಿನ ಎಂದು ಬಹಳ ಉದಾರವಾಗಿ ಹಿಡಿದರೂ 72 ಆಗುತ್ತದೆ. ರಾತ್ರಿ ಹನ್ನೆರಡಕ್ಕೆ ಮೇಜು ಜೋಡಿಸಿ ಮಲಗಿ ನಾಲ್ಕಕ್ಕೆ ಏಳುವವನ ನಿದ್ದೆ ನಾಲ್ಕು ಗಂಟೆ. ಹೃದಯಕ್ಕೆ ಏಳು ಗಂಟೆಯಾದರೂ ಬೇಕು. ನಿದ್ದೆಯಲ್ಲಿ ಒತ್ತಡ ಇಳಿಯುತ್ತದೆ. ನಿದ್ದೆಯಿಲ್ಲದವನಿಗೆ ಆ ಇಳಿತವೇ ಇಲ್ಲ. ಇಂಥವನಿಗೆ ವ್ಯಾಯಾಮ, ಪಥ್ಯ ಎಂದು ಉಪದೇಶ ಮಾಡುವುದು ಎಣ್ಣೆಯಿಲ್ಲದ ದೀಪಕ್ಕೆ ಬತ್ತಿ ನೀವಿದಂತೆ.

ವಾರಕ್ಕೊಂದು ರಜೆಯೇ ದೊಡ್ಡ ಉಪಕಾರವೆಂದು ತಿಳಿಯುವ ಮಾಲಕರು, ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ ಇದೇ ಮುಂಬಯಿಯ ಗಿರಣಿ ಕಾರ್ಮಿಕರು ಭಾನುವಾರದ ರಜೆಯನ್ನು 1890ರಲ್ಲಿಯೇ ಕೇಳಿ ಪಡೆದರೆಂಬುದನ್ನು ನೆನೆಯಬೇಕು. ಈಗ ಕೇಳಬೇಕಾದದ್ದು ಕೂರುವ ಹಕ್ಕು. ಅಂಗಡಿಗಳಲ್ಲಿ ದಿನವೆಲ್ಲ ನಿಲ್ಲಿಸಿ ದುಡಿಸಿಕೊಳ್ಳುವುದಕ್ಕೆ ಎದುರಾಗಿ ಹೆಂಗಸರು ಹೋರಾಡಿದ ಮೇಲೆ ಕೇರಳ ಸರಕಾರ 2018ರಲ್ಲಿ ಕಾನೂನು ತಿದ್ದಿ, ಕೆಲಸಗಾರರಿಗೆ ಕೂರಲು ಆಸನವಿರಬೇಕೆಂದು ವಿಧಿಸಿತು. ತಮಿಳುನಾಡು 2021ರಲ್ಲಿ ಅದೇ ಮಾಡಿತು. ನಮ್ಮ ಹೋಟೆಲುಗಳಲ್ಲಿ ಗಿರಾಕಿಗೆ ನೂರು ಕುರ್ಚಿಗಳಿರುತ್ತವೆ, ಭಟ್ಟರಿಗೆ ಒಂದು ಸ್ಟೂಲಿರುವುದಿಲ್ಲ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಸಪ್ಲಾಯರನು ಕುಳಿತರೆ ಹೋಟೆಲಿನ ಮರ್ಯಾದೆ ಹೋಗುತ್ತದೆಂದು ಗಲ್ಲೆಯಿಂದ ಕಣ್ಣು ಕೆಂಪಾಗುತ್ತದೆ. ಒಂದು ಸ್ಟೂಲಿನ ಬೆಲೆ ಎಷ್ಟು? ಅನುಭವಸ್ಥ ಭಟ್ಟರೊಬ್ಬರು ಲಕ್ವಾ ಹೊಡೆದು ಊರಿಗೆ ಹೋದರೆ ಹೋಟೆಲಿಗೆ ಆಗುವ ನಷ್ಟ ಎಷ್ಟು? ಲಾಭದ ಲೆಕ್ಕದಲ್ಲಿ ನೋಡಿದರೂ ಸ್ಟೂಲೇ ಅಗ್ಗ. ಮಾಲಕರಲ್ಲಿ ಅನೇಕರು ತಾವೇ ಮಾಣಿಗಳಾಗಿ ಬಂದು ನಿಂತು ಸವೆದವರು, ಅವರ ಕಾಲನ್ನೇ ಕೇಳಿದರೆ ಸಾಕು.

ಗಿರಣಿಯ ಹಿರಿಯರ ಮಾತು ಬೇರೆ. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಿದ್ದರು. ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಚಿಮಣಿಗಳಿದ್ದಲ್ಲಿ ಮಾಲುಗಳೆದ್ದವು. ಅಂದು ಮೂವತ್ತರ ಆಸುಪಾಸಿನಲ್ಲಿದ್ದವರು ಇಂದು ಎಪ್ಪತ್ತು ದಾಟಿದ್ದಾರೆ. ಕೆಲವರು ಇನ್ನೂ ಚಾಳಿನ ಖೋಲಿಯಲ್ಲಿದ್ದಾರೆ, ಕೆಲವರು ಆ ವಯಸ್ಸಿನಲ್ಲಿಯೂ ರಾತ್ರಿ ಪಾಳಿಯ ಕಾವಲು ಕೆಲಸ ಮಾಡುತ್ತಾರೆ. ಒತ್ತಡ ವಯಸ್ಸಿನೊಡನೆ ಏರುವುದರಿಂದ ಇವರನ್ನು ಮೊದಲು ನೋಡಬೇಕು. ಎದ್ದು ನಿಂತಾಗ ತಲೆ ತಿರುಗಿದರೆ ಗುಳಿಗೆ ತಾವಾಗಿ ಬಿಡಬಾರದು, ಡಾಕ್ಟರರಿಗೆ ಹೇಳಿ ಪ್ರಮಾಣ ತಿದ್ದಿಸಿಕೊಳ್ಳಬೇಕು.

ಮುದುಕರಿಗೆ ಮಾತ್ರ ಎಂದೂ ತಿಳಿಯಬಾರದು. ಮೊದಲ ಹೃದಯಾಘಾತ ಬರುವ ನಡುವಯಸ್ಸು ನಮ್ಮ ಭಾರತ, ಪಾಕಿಸ್ತಾನ, ಬಾಂಗ್ಲಾ, ಸಿಂಹಳ, ನೇಪಾಳಗಳಲ್ಲಿ 53, ಉಳಿದ ದೇಶಗಳಲ್ಲಿ ಸುಮಾರು 59 ಎಂದು 2007ರಲ್ಲಿ ಪ್ರಕಟವಾದ ಲೆಕ್ಕ ಹೇಳುತ್ತದೆ. ಮಗಳ ಮದುವೆ, ಮಗನ ಕಾಲೇಜು ಇರುವ ವಯಸ್ಸು ಅದು. ಎದೆಯ ನಡುವೆ ಕಲ್ಲಿಟ್ಟಂತೆ ಭಾರ, ಅದು ಎಡತೋಳಿಗೋ ದವಡೆಗೋ ಬೆನ್ನಿಗೋ ಹರಿಯುವುದು, ತಣ್ಣನೆಯ ಬೆವರು, ಏದುಸಿರು, ಓಕರಿಕೆ, ಇವು ಕಂಡರೆ ಸೋಡಾ ಅಲ್ಲ, 108ಕ್ಕೆ ಫೋನು. ಹೆಂಗಸರಲ್ಲಿ ಎದೆನೋವಿಲ್ಲದೆ ಬರಿಯ ಸುಸ್ತು, ಓಕರಿಕೆ ಇರಬಹುದು. ಸಕ್ಕರೆ ಕಾಯಿಲೆಯವರಲ್ಲಿಯೂ ಹಾಗೆಯೇ. ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅದು ಲಕ್ವಾ. ಹೆಪ್ಪು ಕರಗಿಸುವ ಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ನಾಟಿಮದ್ದು, ಪಾರಿವಾಳದ ರಕ್ತ ಎಂದು ಹೊತ್ತು ಕಳೆಯುವಂತಿಲ್ಲ. ಬೆಳಗಾಗಲಿ ಎಂದು ಕಾಯುವುದೂ ಬೇಡ. ಪರಳಿನ ಕೆ.ಇ.ಎಂ., ಶೀವಿನ ಆಸ್ಪತ್ರೆ, ನಾಯರ್ ಆಸ್ಪತ್ರೆಗಳ ಬಾಗಿಲು ರಾತ್ರಿಯೂ ತೆರೆದಿರುತ್ತದೆ.

ಸಂಘದ ಮುಂದಿನ ಸಾಮಾನ್ಯ ಸಭೆಗೆ ಒಂದು ಸೂಚನೆ ಇಡುತ್ತೇನೆ. ತೋಳಿಗೆ ಕಟ್ಟುವ ರಕ್ತದೊತ್ತಡದ ಯಂತ್ರ ಎರಡು ಸಾವಿರ ರೂಪಾಯಿಗಳ ಆಸುಪಾಸಿಗೆ ಸಿಗುತ್ತದೆ. ವಾರ್ಷಿಕೋತ್ಸವದ ಹಾರ ತುರಾಯಿಗಳ ಖರ್ಚಿನಲ್ಲಿ ಅದು ಬರುತ್ತದೆ. ಎರಡು ಯಂತ್ರ ಕೊಳ್ಳೋಣ. ಒಂದು ಕಚೇರಿಯಲ್ಲಿರಲಿ, ಇನ್ನೊಂದು ಹೋಟೆಲಿಂದ ಹೋಟೆಲಿಗೆ ತಿರುಗಲಿ. ಹೊತ್ತು ಬೆಳಗಿನ ಹತ್ತು ಗಂಟೆಯೆಂದಾದರೆ ಒಬ್ಬನೂ ಬರಲಾರ, ಆದ್ದರಿಂದ ಮಧ್ಯಾಹ್ನ ನಾಲ್ಕರಿಂದ ಐದೂವರೆ, ಸೋಮವಾರ ರಾತ್ರಿ ಹನ್ನೊಂದರ ಮೇಲೆ ಒಂದು ಗಂಟೆ. ರಾತ್ರಿಶಾಲೆಯಲ್ಲಿ ಓದುವ ಹುಡುಗರಲ್ಲಿ ಇಬ್ಬರಿಗೆ ಕಲಿಸಿದರೆ ಸಾಕು. ನೋಡಿಸಿಕೊಳ್ಳುವವನು ಅರ್ಧ ಗಂಟೆ ಮುಂಚಿನಿಂದ ಚಹಾ, ಬೀಡಿ ಮುಟ್ಟಿರಬಾರದು. ಬಂದವನನ್ನು ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಐದು ನಿಮಿಷ ಮಾತಾಡಿಸದೆ ಕೂರಿಸಬೇಕು. ಪಾದ ನೆಲದ ಮೇಲೆ, ತೋಳು ಮೇಜಿನ ಮೇಲೆ ಎದೆಯ ಮಟ್ಟದಲ್ಲಿ, ಪಟ್ಟಿ ಅಂಗಿಯ ಮೇಲಲ್ಲ, ಬರಿಯ ತೋಳಿಗೆ. ಎರಡು ಸಲ ನೋಡಿ ಎರಡನ್ನೂ ಬರೆಯಬೇಕು. ಪುಸ್ತಕದಲ್ಲಿ ಹೆಸರಿನ ಬದಲು ಸದಸ್ಯತ್ವದ ನಂಬರು ಇರಲಿ, ಮಾಲಕರ ಕಣ್ಣಿಗೆ ಬಿದ್ದು ಯಾರ ಕೆಲಸವೂ ಹೋಗದಂತೆ. 140ಕ್ಕೂ 90ಕ್ಕೂ ಮೇಲೆ ಬಂದವರನ್ನು ನಗರಪಾಲಿಕೆಯ ದವಾಖಾನೆಗೆ ಕರೆದೊಯ್ಯಲು ಕಾರ್ಯಕಾರಿ ಸಮಿತಿಯಿಂದ ಒಬ್ಬರು ಹೆಸರು ಕೊಡಬೇಕು. ಸಭೆಯ ದಿನ ಮೊದಲ ಪಟ್ಟಿಯನ್ನು ಅಧ್ಯಕ್ಷರ ತೋಳಿಗೇ ಕಟ್ಟೋಣ.